ಬೊಟ್ಟಿಟ್ಟ ಸೈಕಲ್ಲು

ಆ ಶನಿವಾರ ಬೆಳಿಗ್ಗೆ ಎಚ್ಚರವಾದಾಗ ಆನಂದತೀರ್ಥನಿಗೆ ಮೊದಲು ಹೊಳೆದದ್ದು, ತಾನು ಸುಳ್ಳು ಹೇಳಿರಲಿಲ್ಲ ಎಂಬುದು. ತಲೆಯಾಡಿಸಿದ್ದ, ಅಷ್ಟೆ. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಅವನು ವಾರವಿಡೀ ತನಗೆ ತಾನೇ ವಿವರಿಸಿಕೊಂಡಿದ್ದ. ಫ್ರೀವೇಯಲ್ಲಿ ಕಾರು ಓಡಿಸುತ್ತ, ಆಫೀಸಿನ ಕಾಫಿ ಯಂತ್ರದ ಮುಂದೆ ನಿಂತು, ಹಲ್ಲುಜ್ಜುತ್ತ. ವಿವರಿಸಿಕೊಂಡಾಗಲೆಲ್ಲ ಸಮಾಧಾನವಾಗುತ್ತಿತ್ತು, ಹಲ್ಲುಜ್ಜಿ ಮುಗಿಯುವಷ್ಟರಲ್ಲಿ ಆ ಸಮಾಧಾನ ಎಲ್ಲೋ ಸೋರಿಹೋಗುತ್ತಿತ್ತು. ಹೋದ ಶನಿವಾರ ಲಾಸ್ ಗ್ಯಾಟೋಸ್‌ನ ಮೇಲಿನ ಗುಡ್ಡಕ್ಕೆ ಗೆಳೆಯ ಭೋಜನ ಜೊತೆ ಸೈಕಲ್ಲು ಹೊಡೆದುಕೊಂಡು ಹೋಗಿದ್ದ. ಭೋಜ ಮಂಗಳೂರಿನ ಕಡೆಯವನು, ಆಫೀಸಿನಲ್ಲಿ ಪಕ್ಕದ ಮೇಜಿನವನು, ಗಟ್ಟಿಮುಟ್ಟಾದ ಆಳು, ಹೆದರಿಕೆ ಎಂಬ ಅಂಗವೇ ಇಲ್ಲದೆ ಹುಟ್ಟಿದವನು. ಗುಡ್ಡದಿಂದ ಇಳಿಯುವ ಕಾಲುದಾರಿಯಲ್ಲಿ ಒಂದು ಕಡೆ ನೆಲ ಇದ್ದಕ್ಕಿದ್ದಂತೆ ಕಾಲಕೆಳಗಿನಿಂದ ಜಾರಿಹೋದಂತಿತ್ತು. ಅದಕ್ಕೆ ಭೋಜನೇ ಜಾರುಬಂಡೆ ಎಂದು ಹೆಸರಿಟ್ಟಿದ್ದ. ಅವನು ಹೋ ಎಂದು ಬೊಬ್ಬೆ ಹಾಕುತ್ತ ಧೂಳೆಬ್ಬಿಸಿ ಇಳಿದು ಕೆಳಗಿನ ತಿರುವಿನಲ್ಲಿ ಮರೆಯಾದ. ಆನಂದತೀರ್ಥ ಮೇಲೆ ನಿಂತು ನೋಡಿದ, ಇನ್ನೊಮ್ಮೆ ನೋಡಿದ, ಆಮೇಲೆ ಸೈಕಲ್ಲಿನ ಎರಡೂ ಕೊಂಬು ಹಿಡಿದುಕೊಂಡು, ಹಸುವನ್ನು ನೀರಿಗೆ ಕರೆದೊಯ್ಯುವವನಂತೆ, ನಡೆದುಕೊಂಡು ಕೆಳಗೆ ಬಂದ. ತಿರುವಿಗೆ ಮುಂಚೆ ಮತ್ತೆ ಹತ್ತಿ ಕೂತು, ಪೆಡಲು ತುಳಿಯುತ್ತ ಭೋಜ ಕಾಯುತ್ತಿದ್ದ ಓಕ್ ಮರದ ಕೆಳಗೆ ಪ್ರತ್ಯಕ್ಷನಾದ. "ಇಳಿಸಿಯೇ ಬಿಟ್ಟೆಯಾ ಮಾರಾಯ!" ಎಂದ ಭೋಜ. ಆನಂದತೀರ್ಥ ತಲೆಯಾಡಿಸಿದ. ಅವನ ತಲೆಯಾಡಿಸುವಿಕೆ ಹೌದೆಂದೋ ಅಲ್ಲವೆಂದೋ ತನಗೆ ಈವರೆಗೂ ಗೊತ್ತಾಗಿಲ್ಲವೆಂದು ಅವನ ಅಮೆರಿಕನ್ ಮ್ಯಾನೇಜರು ಪ್ರತಿ ಮೀಟಿಂಗಿನಲ್ಲೂ ಗೋಳಾಡುತ್ತಿದ್ದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಯಾರಿಗೋ ಅದು ಸ್ಪಷ್ಟವಾಗಿ ಅರ್ಥವಾಗಿಬಿಟ್ಟಿತ್ತು.

ಅಲ್ಲಿಗೆ ಮುಗಿದಿದ್ದರೆ ಏನೂ ಇರುತ್ತಿರಲಿಲ್ಲ. ಆದರೆ ಭೋಜ ಒಳ್ಳೆಯವನು. ಒಳ್ಳೆಯವರು ಸುಮ್ಮನಿರುವುದಿಲ್ಲ. ಸೋಮವಾರ ಊಟದ ಹೊತ್ತಿಗೆ ಅವನು ಇಡೀ ಕೆಫೆಟೇರಿಯಾಕ್ಕೆ ಸಾರಿದ: ಈ ನಮ್ಮ ತೀರ್ಥ, ಮೊಸರನ್ನ ತಿನ್ನುವ ಈ ಮನುಷ್ಯ, ಎರಡನೇ ಸಲಕ್ಕೇ ಜಾರುಬಂಡೆ ಇಳಿಸಿದ್ದಾನೆ. ಭೋಜನ ಹೆಂಡತಿ ವಿಮಲಾ ಆನಂದತೀರ್ಥನ ಹೆಂಡತಿ ಶೈಲಜಾಳಿಗೆ ಫೋನು ಮಾಡಿದಳು. ಶೈಲಜಾ ಯಾವ ಅಭಿಪ್ರಾಯವನ್ನೂ ಕೊಡದೆ ಅದನ್ನು ತನ್ನ ತಾಯಿಗೆ ಹೇಳಿದಳು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಸತ್ಯವತಮ್ಮನವರಿಗೆ ಈ ದೇಶದಲ್ಲಿ ಹೆಮ್ಮೆ ಪಡುವುದಕ್ಕೆ ಅದುವರೆಗೆ ಅಂಥದ್ದೇನೂ ಸಿಕ್ಕಿರಲಿಲ್ಲ. ಅವರು ಗ್ರೋಸರಿ ಅಂಗಡಿಯಲ್ಲಿ, ದಸರೆಯ ಬೊಂಬೆ ನೋಡಲು ಹೋದ ಮನೆಗಳಲ್ಲಿ, ಯಾರು ಕೇಳಲಿ ಬಿಡಲಿ, ಅಳಿಯಂದಿರ ವಿಷಯ ಹೇಳಿದರು. ಒಂದೊಂದು ಮನೆ ದಾಟುವಾಗಲೂ ಗುಡ್ಡ ಸ್ವಲ್ಪ ಸ್ವಲ್ಪ ಎತ್ತರವಾಯಿತು. ಗುರುವಾರ ರಾಯರ ಭಜನೆಗೆ ಬಂದಿದ್ದ ಯಾರೋ ಹಿರಿಯರು ಆನಂದತೀರ್ಥನ ಭುಜ ತಟ್ಟಿ, "ಮನೇಲಿ ಹೆಂಡ್ತಿ ಮಕ್ಳಿದಾರೆ ಕಣಪ್ಪಾ, ಜೋಪಾನ," ಎಂದಾಗ ಅವನಿಗೆ ಆದದ್ದು ನಾಚಿಕೆಯಲ್ಲ, ಸಂತೋಷ. ಈ ಸಂತೋಷವೇ ಆಮೇಲೆ ಅವನನ್ನು ಹೆಚ್ಚು ಕಾಡಿತು. ಮಾಡದ ಸಾಹಸಕ್ಕೆ ಮೈ ಹೇಗೆ ಅಷ್ಟು ನಿಜವಾಗಿ ಉಬ್ಬಿತು? ಆಫೀಸಿನಲ್ಲಿ ಅವನ ಕೆಲಸ ಕಂಪ್ಯೂಟರಿನ ಚಿಪ್ಪುಗಳನ್ನು ಬಿಸಿಮಾಡಿ, ತಣ್ಣಗೆ ಮಾಡಿ, ಅಲುಗಾಡಿಸಿ, ಅವು ಯಾವಾಗ ಯಾವ ಕಾರಣಕ್ಕೆ ಕೈಕೊಡುತ್ತವೆ ಎಂದು ಪತ್ತೆಹಚ್ಚುವುದು. ಇಡೀ ವಾರ ಅವನು ತನ್ನನ್ನೇ ಆ ಒಲೆಯಲ್ಲಿಟ್ಟುಕೊಂಡು ಕೂತಿದ್ದ. ಇರುವುದು ಒಂದೇ ದಾರಿ ಎನಿಸಿತು. ಇವತ್ತು ಜಾರುಬಂಡೆಯನ್ನು ನಿಜವಾಗಿಯೂ ಇಳಿಸಿಬಿಡುವುದು. ಇಳಿಸಿಬಿಟ್ಟರೆ ಹೋದ ವಾರದ ತಲೆಯಾಟ ಸುಳ್ಳಲ್ಲ, ಒಂದು ವಾರ ಮುಂಚಿತವಾಗಿ ಹೇಳಿದ ನಿಜ. ಆಗದಿದ್ದರೆ, ಭೋಜನ ಕಣ್ಣೆದುರಿಗೇ ಆಗದಿದ್ದರೆ, ಎಂಬಲ್ಲಿಗೆ ಬಂದಾಗ ಅವನು ಹೊದಿಕೆ ಎಳೆದುಕೊಂಡು ಇನ್ನೊಂದು ಮಗ್ಗುಲಿಗೆ ತಿರುಗಿದ.

ಗ್ಯಾರೇಜಿನಿಂದ ಊದುಬತ್ತಿಯ ವಾಸನೆ ಬರುತ್ತಿತ್ತು. ಪಂಚಾಂಗದಲ್ಲಿ ಮಹಾನವಮಿ ಯಾವ ದಿನವಾದರೂ ಬೀಳಲಿ, ಅವರಿದ್ದ ಯೂನಿಯನ್ ಸಿಟಿಯಲ್ಲಿ ಅದು ಶನಿವಾರವೇ ಬರುತ್ತದೆ. ಸತ್ಯವತಮ್ಮನವರು ಮೊದಮೊದಲು ಇದಕ್ಕೆ ಮುನಿಸಿಕೊಂಡಿದ್ದರೂ, ಆಫೀಸಿದ್ದ ದಿನ ಪೂಜೆ ಮಾಡಿದರೆ ಕಾರು ಪೂಜೆಗೇ ಸಿಗುವುದಿಲ್ಲವೆಂದು ಮನಗಂಡ ಮೇಲೆ ಒಪ್ಪಿಕೊಂಡಿದ್ದರು. ಆನಂದತೀರ್ಥ ಹೋಗಿ ನೋಡಿದರೆ ಅವರು ಆಗಲೇ ಮಿಂದು ಮಡಿಯುಟ್ಟು ಕಾರಿನ ನಾಲ್ಕು ಚಕ್ರಗಳಿಗೆ ನಿಂಬೆಹಣ್ಣಿಟ್ಟು, ಲಾನ್ ಮೋವರಿಗೆ ಹೂವಿಟ್ಟು, ಟೂಲ್‌ಬಾಕ್ಸಿಗೆ ಅರಿಶಿನ ಹಚ್ಚಿ, ಈಗ ಸೈಕಲ್ಲಿನ ಮುಂದೆ ಮಂಡಿಯೂರಿ ಕೂತಿದ್ದರು. ಅದರ ಕೊಂಬಿಗೆ ಸೇವಂತಿಗೆ ಹಾರ. ದಪ್ಪ ಟೈರುಗಳ ಒಳಗಿನ ಹೊಳೆಯುವ ರಿಮ್ಮಿನ ಮೇಲೆ, ಪ್ರತಿ ಕಡ್ಡಿಯ ಬುಡಕ್ಕೊಂದರಂತೆ, ಆ ಕಡೆ ಈ ಕಡೆ ಎರಡೂ ಬದಿಗೆ, ಸಾಲಾಗಿ ಕೆಂಪು ಬೊಟ್ಟುಗಳು. ಬೆರಳು ನಡುಗುವ ವಯಸ್ಸಿನಲ್ಲೂ ಒಂದೂ ಸಾಲು ತಪ್ಪಿರಲಿಲ್ಲ.

"ಬರೀ ಕುಂಕುಮ ಈ ಲೋಹಕ್ಕೆ ನಿಲ್ಲೋದೇ ಇಲ್ಲ ನೋಡೀಪ್ಪಾ," ಎಂದರು ಅವರು ತಲೆಯೆತ್ತದೆ. "ಅದಕ್ಕೆ ಹರಳೆಣ್ಣೇಲಿ ಕಲಸ್ದೆ. ನಮ್ಮನೇಲಿ ಒಳಕಲ್ಲಿಗೆ, ಹೊಲಿಗೆ ಮಿಷಿನ್ನಿಗೆ ಎಲ್ಲ ಹೀಗೇ ಹಚ್ಚೋದು. ಮುಂದಿನ ನವಮಿ ತನಕ ಅಳ್ಳಾಡಲ್ಲ."

"ಇಷ್ಟೊಂದು ಯಾಕೆ ಅತ್ತೆ? ಒಂದು ಹಚ್ಚಿದ್ರೆ ಸಾಕಾಗಿತ್ತು."

"ಕಾರಿಗಾದ್ರೆ ಒಂದು ಸಾಕು. ಕಾರು ರಸ್ತೇಲಿ ಹೋಗತ್ತೆ." ಅವರು ಕೊನೆಯ ಬೊಟ್ಟನ್ನಿಟ್ಟು ಎದ್ದರು. "ಇದು ನಿಮ್ಮನ್ನ ಎಲ್ಲೆಲ್ಲಿಗೆ ಕರ್ಕೊಂಡು ಹೋಗತ್ತೆ ಅಂತ ಭೋಜಪ್ಪನೋರು ಹೇಳಿದಾರೆ ನಂಗೆ."

ಪ್ರತಿ ಸಲ ಹೊರಡುವ ಮುಂಚೆ ಬ್ರೇಕನ್ನು ಹತ್ತಾರು ಬಾರಿ ಒತ್ತಿ, ಚಕ್ರ ತಿರುಗಿಸಿ, ರಬ್ಬರು ರಿಮ್ಮನ್ನು ಎರಡೂ ಬದಿಯಿಂದ ಕಚ್ಚಿ ಹಿಡಿಯುತ್ತದೆಯೇ ಎಂದು ನೋಡುವುದು ಅವನ ಅಭ್ಯಾಸ. ಇವತ್ತೂ ಕೈ ಅಲ್ಲಿಗೆ ಹೋಗಿತ್ತು. ಆದರೆ ಅತ್ತೆ ಎದುರಿಗೇ ನಿಂತಿದ್ದರು, ಕರ್ಪೂರ ಇನ್ನೂ ಉರಿಯುತ್ತಿತ್ತು. ಪೂಜೆಯಾದ ಕ್ಷಣವೇ ಬ್ರೇಕು ಪರೀಕ್ಷಿಸಿದರೆ ಅವರ ಬೊಟ್ಟುಗಳ ಮೇಲೆ ತನಗೆ ನಂಬಿಕೆಯಿಲ್ಲವೆಂದು ಬಾಯಿಬಿಟ್ಟು ಹೇಳಿದ ಹಾಗಾಗುತ್ತದೆ. ಕೈ ಹಿಂದಕ್ಕೆ ತೆಗೆದುಕೊಂಡು ಮಂಗಳಾರತಿ ತೆಗೆದುಕೊಂಡ. ಶೈಲಜಾ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದಳು. "ಇವತ್ತೂ ಇಳಿಸ್ತೀರೇನ್ರೀ?" ಎಂದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ, ಆ ಏನೂ ಇಲ್ಲದಿರುವುದನ್ನು ಅವನು ಬಹಳ ಹೊತ್ತು ನೋಡಿದ. ಇಂದು ಎಂಬ ಹೆಸರಿನ ಹತ್ತು ವರ್ಷದ ಮಗಳು ಅವನ ಬಿಳಿ ಹೆಲ್ಮೆಟ್ಟನ್ನು ನೋಡಿ, "ಡ್ಯಾಡ್, ಯು ಲುಕ್ ಲೈಕ್ ಎ ಮಶ್ರೂಮ್," ಎಂದಳು. ಆದರೂ ಸ್ಕೂಲಿನಲ್ಲಿ ಅಪ್ಪನ ವಿಷಯ ಹೇಳಿಕೊಂಡಿದ್ದಾಳೆಂದು ಅವನಿಗೆ ಗೊತ್ತಿತ್ತು.

ಭೋಜನ ಸ್ಟೇಷನ್ ವ್ಯಾಗನ್ನಿನ ಬೆನ್ನಿಗೆ ಎರಡೂ ಸೈಕಲ್ಲು ಕಟ್ಟಿಕೊಂಡು ಫ್ರೀವೇ ಹಿಡಿದಾಗ ಸೇವಂತಿಗೆಯ ಎಸಳುಗಳು ಹಿಂದಿನ ಕಾರುಗಳ ಮೇಲೆ ಹಾರತೊಡಗಿದವು. ಆನಂದತೀರ್ಥ ಕನ್ನಡಿಯಲ್ಲಿ ಅದನ್ನು ನೋಡುತ್ತ ಸೀಟಿನಲ್ಲಿ ಆದಷ್ಟು ಕುಗ್ಗಿ ಕೂತ. ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿದ ಜಾಗದಲ್ಲಿ ಆಗಲೇ ನಾಲ್ಕಾರು ಬಿಳಿಯರು ತಮ್ಮ ಸೈಕಲ್ಲುಗಳ ಚೈನು ಒರೆಸುತ್ತಿದ್ದರು. ಅವನು ಮೊದಲು ಮಾಡಿದ ಕೆಲಸವೆಂದರೆ, ಭೋಜ ಬೂಟಿನ ಲೇಸು ಕಟ್ಟುವಾಗ, ಹಾರವನ್ನು ಕಿತ್ತು ಕಾರಿನ ಮರೆಯಲ್ಲಿ ಒಣಹುಲ್ಲಿಗೆ ಎಸೆದದ್ದು. ಹಣೆಯ ಅಕ್ಷತೆಯನ್ನು ತೋಳಿನಿಂದ ಒರೆಸಿಕೊಂಡ. ಒರೆಸಿದ ಮೇಲೆ ಬೆಳಿಗ್ಗೆಯೇ ಎದ್ದು ತಣ್ಣೀರು ಮಿಂದ ಮುದುಕಿಯ ಮುಖ ಕಣ್ಣೆದುರು ಬಂತು. ಹಾರವನ್ನು ಮತ್ತೆ ಎತ್ತಿಕೊಂಡು, ಕಟ್ಟಲು ಧೈರ್ಯ ಬಾರದೆ, ಮಡಿಸಿ ಕಾರಿನೊಳಗಿಟ್ಟ. ರಿಮ್ಮಿನ ಬೊಟ್ಟುಗಳನ್ನೂ ಒರೆಸಬೇಕೆಂದಿದ್ದ. ಕರ್ಚೀಫು ಕೈಗೆ ಬಂದಿತ್ತು. ಗಡ್ಡದವನೊಬ್ಬ ಹತ್ತಿರ ಬಂದು ಬಗ್ಗಿ ನೋಡಿ, ಇದು ರಕ್ತವೇ ಎಂದು ಆತಂಕದಿಂದ ಕೇಳಿದ. "ನೋ ನೋ, ಡೆಕೊರೇಷನ್," ಎಂದ ಆನಂದತೀರ್ಥ. ಗಡ್ಡದವನು ಚೆನ್ನಾಗಿದೆ ಎಂದ. ಚೆನ್ನಾಗಿದೆ ಎಂದ ಮೇಲೆ ಒರೆಸುವುದು ಸರಿಯಲ್ಲ. ಅದಕ್ಕಿಂತ ನಿಜವಾದ ಕಾರಣ ಬೇರೆಯೇ ಇತ್ತು. ಹೆದರಿದ್ದ. ಜಾರುಬಂಡೆಯ ಎದುರಿಗೆ ನಿಲ್ಲುವಾಗ ಅತ್ತೆಯ ಕೆಂಪು ಬೊಟ್ಟುಗಳು ತನ್ನ ಕಡೆ ಇರಲಿ ಎಂದು ಅವನೊಳಗಿನ, ಹಾರ ಎಸೆದವನೇ ಆದ ಮನುಷ್ಯ, ಗುಟ್ಟಾಗಿ ಬಯಸಿದ್ದ.

ಹತ್ತುವ ದಾರಿ ಉದ್ದ. ಅಗ್ನಿಶಾಮಕದವರಿಗೆಂದು ಕಡಿದ ಮಣ್ಣುರಸ್ತೆ ಗುಡ್ಡವನ್ನು ಸುತ್ತಿ ಸುತ್ತಿ ಏರುತ್ತದೆ. ಅಕ್ಟೋಬರಿನ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಕೆಳಗೆ ಎಲ್ಲೋ ಕೆರೆಯ ನೀರು ಮಿನುಗುತ್ತದೆ, ಮುಂದೆ ಭೋಜನ ಬೆನ್ನು ಮಾತಾಡುತ್ತ ಹೋಗುತ್ತದೆ. ಸಣ್ಣ ಗೇರಿಗೆ ಹಾಕಿ ತುಳಿಯುವಾಗ ಕಾಲು ಬಹಳ ಸುತ್ತುತ್ತದೆ, ಸೈಕಲ್ಲು ಮಾತ್ರ ಅಲ್ಲೇ ಇರುತ್ತದೆ. ಇದು ಆನಂದತೀರ್ಥನಿಗೆ ಇಷ್ಟ. ಹತ್ತುವುದರಲ್ಲಿ ಅವನು ಯಾರಿಗೂ ಕಡಿಮೆಯಿಲ್ಲ. ಪರೀಕ್ಷೆಗಳು, ವೀಸಾ, ಗ್ರೀನ್ ಕಾರ್ಡು, ಎಲ್ಲವನ್ನೂ ಹೀಗೆಯೇ ಉಸಿರು ಬಿಗಿಹಿಡಿದು ಹತ್ತಿದ್ದ. ಹುಡುಗನಾಗಿದ್ದಾಗ ಮೈಸೂರಿನಲ್ಲಿ ಚಾಮುಂಡಿ ಬೆಟ್ಟವನ್ನೂ ಹತ್ತುತ್ತಿದ್ದ, ಗೆಳೆಯ ಪುಟ್ಟಸ್ವಾಮಿ ಮತ್ತು ಅವನ ಗುಂಪು ಬಾಡಿಗೆ ಸೈಕಲ್ಲು ತಂದು ತಳ್ಳಿಕೊಂಡು ಹೋಗುವಾಗ ಜೊತೆಗೆ ಇವನೂ ತಳ್ಳುತ್ತಿದ್ದ. ಮೇಲೆ ನಂದಿಯ ಹತ್ತಿರ ನಿಂತು, ಅವರೆಲ್ಲ ಕೈಬಿಟ್ಟು ಇಳಿಯುವ ಪಂದ್ಯ ಕಟ್ಟಿದಾಗ, ಯಾರಾದರೊಬ್ಬರು ಗಡಿಯಾರ ಹಿಡಿಯಬೇಕಲ್ಲ ಎಂದು ಇವನೇ ಹೇಳುತ್ತಿದ್ದ. ಗಡಿಯಾರ ಅವನ ಅಪ್ಪನದು, ಅದನ್ನು ಹಿಡಿಯುವ ಹಕ್ಕು ಅವನದೇ. "ತೀರ್ಥ ಕರೆಕ್ಟಾಗಿ ಹಿಡೀತಾನೆ ಕಣ್ರೋ," ಎಂದು ಪುಟ್ಟಸ್ವಾಮಿ ಹೊಗಳುತ್ತಿದ್ದ. ಗಾಳಿಯಲ್ಲಿ ಅಂಗಿ ಉಬ್ಬಿಸಿಕೊಂಡು, ಕೂಗುತ್ತ, ಅವರು ಒಬ್ಬೊಬ್ಬರೇ ತಿರುವಿನಲ್ಲಿ ಮಾಯವಾಗುತ್ತಿದ್ದರು. ಇವನು ಒಬ್ಬನೇ ಉಳಿದು ಕೈಯಲ್ಲಿ ಟಿಕ್ ಟಿಕ್ ಎನ್ನುವುದನ್ನು ನೋಡುತ್ತಿದ್ದ. ಆಮೇಲೆ ಬ್ರೇಕು ಹಿಡಿದು, ಇಳಿದು, ಹಿಡಿದು, ನಿಧಾನಕ್ಕೆ ಕೆಳಗೆ ಹೋಗಿ ಸೇರುವಷ್ಟರಲ್ಲಿ ಅವರು ಕಬ್ಬಿನ ಹಾಲು ಕುಡಿದು ಮುಗಿಸಿರುತ್ತಿದ್ದರು. "ಎಂತ ತೀರ್ಥ, ಉಸಿರುಂಟಾ?" ಎಂದು ಭೋಜ ತಿರುಗಿ ಕೇಳಿದ. "ಉಂಟು," ಎಂದ ಆನಂದತೀರ್ಥ.

ನೆತ್ತಿಯಲ್ಲಿ ನೀರು ಕುಡಿದು ಮುಗಿಸಿದಾಗ ಭೋಜ ಹೇಳಿದ: "ಇವತ್ತು ನೀನು ಮುಂದೆ ಹೋಗು ಮಾರಾಯ. ನಾನು ಹಿಂದಿನಿಂದ ನೋಡ್ತೇನೆ. ಹೋದ ಸಲ ನೋಡ್ಲಿಕ್ಕೇ ಆಗ್ಲಿಲ್ಲ ನೋಡು, ಅದೊಂದು ಬೇಜಾರು ಉಳಿದುಬಿಟ್ಟಿದೆ." ಅವನ ದನಿಯಲ್ಲಿ ಅನುಮಾನದ ಸುಳಿವಿರಲಿಲ್ಲ. ಇದ್ದಿದ್ದರೆ ಸಿಟ್ಟು ಬರಿಸಿಕೊಂಡು ಜಗಳವಾಡಿ ವಾಪಸು ಹೋಗಬಹುದಿತ್ತು. ಶುದ್ಧ ಪ್ರೀತಿಯ ಎದುರು ಏನೂ ಮಾಡುವಂತಿಲ್ಲ. ಆನಂದತೀರ್ಥ ಜಾರುಬಂಡೆಯ ಅಂಚಿಗೆ ಬಂದು ನಿಂತ. ಹೋದ ವಾರಕ್ಕಿಂತ ಇವತ್ತು ಅದು ಹೆಚ್ಚು ಕಡಿದಾಗಿತ್ತು. ಅತ್ತೆ ಹೇಳಿ ಹೇಳಿ ಎತ್ತರ ಮಾಡಿಟ್ಟಿದ್ದರು. ನಡುವೆ ಒಂದು ಬೇರು ಹೊರಚಾಚಿತ್ತು, ಅದರಾಚೆ ಸಡಿಲ ಕಲ್ಲು, ಅದರಾಚೆ ತಿರುವು, ತಿರುವಿನಾಚೆ ಎದುರು ದಿಬ್ಬ. ಅವನ ಲೆಕ್ಕಾಚಾರ ಸರಳವಾಗಿತ್ತು. ಎರಡೂ ಬ್ರೇಕನ್ನು ಬಿಗಿಯಾಗಿ ಹಿಡಿದು ಅಂಗುಲ ಅಂಗುಲ ಜಾರುತ್ತ ಹೋಗುವುದು. ಬೇರಿನ ಹತ್ತಿರ ಬಂದಾಗ ಕಾಲಿಗೆ ಸೆಳೆತ ಬಂತೆಂದು ಕಿರುಚಿ ಇಳಿದುಬಿಡುವುದು. ಅಷ್ಟು ದೂರ ಹೋದವನು ಹೋದ ವಾರ ಪೂರ್ತಿ ಹೋಗಿದ್ದನೆಂದು ಯಾರು ಬೇಕಾದರೂ ನಂಬುತ್ತಾರೆ. ಈ ಉಪಾಯ ಹೊಳೆದಾಗ ಅವನಿಗೆ ತನ್ನ ಮೇಲೆ ಎಷ್ಟು ಅಸಹ್ಯವಾಯಿತೋ ಅಷ್ಟೇ ನಿರಾಳವೂ ಆಯಿತು. ಸೀಟಿನಿಂದ ಹಿಂದಕ್ಕೆ ಸರಿದು, ಬ್ರೇಕು ಹಿಡಿದು, ಮುಂದಿನ ಚಕ್ರವನ್ನು ಅಂಚಿನಿಂದ ಕೆಳಗೆ ಬಿಟ್ಟ.

ಬ್ರೇಕು ಹಿಡಿಯಲಿಲ್ಲ. ಬ್ರೇಕಿನ ಹಿಡಿಗಳು ಕೊಂಬಿಗೆ ತಾಗುವಷ್ಟು ಒತ್ತಿದ. ತಂತಿ ತುಂಡಾಗಿರಲಿಲ್ಲ, ರಬ್ಬರು ರಿಮ್ಮನ್ನು ಅಮುಕುತ್ತಿರುವುದೂ ಕಾಣುತ್ತಿತ್ತು. ಚಕ್ರ ಮಾತ್ರ ಯಾವ ಮುಲಾಜೂ ಇಲ್ಲದೆ, ಒಂದು ಕಿರುಗುಟ್ಟುವ ಸದ್ದೂ ಇಲ್ಲದೆ, ನುಣ್ಣಗೆ ತಿರುಗುತ್ತಲೇ ಹೋಯಿತು. ಮೊದಲ ಗಳಿಗೆಯಲ್ಲಿ ಅವನ ತಲೆ ಆಫೀಸಿನ ವರದಿಯ ಧಾಟಿಯಲ್ಲಿ ಯೋಚಿಸಿತು: ಕೈಕೊಟ್ಟ ಭಾಗ ಯಾವುದು, ಕಾರಣ ಏನು. ಎರಡನೇ ಗಳಿಗೆಯಲ್ಲಿ ರಾಯರೇ ಎಂದಿತು. ಬೇರು ಬಂತು, ಬೇರು ಹೋಯಿತು, ಅವನು ಸೀಟಿನಿಂದ ಮೇಲೆದ್ದು ಮತ್ತೆ ಬಂದು ಕೂತ. ಆಮೇಲೆ ಆದದ್ದನ್ನು ಅವನು ಆ ದಿನವಿಡೀ ಮತ್ತೆ ಮತ್ತೆ ನೆನಪಿಗೆ ತಂದುಕೊಂಡ. ಒತ್ತಿ ಪ್ರಯೋಜನವಿಲ್ಲ ಎಂದು ಬೆರಳುಗಳಿಗೆ ಗೊತ್ತಾಗಿ ಅವು ತಾವಾಗಿಯೇ ಬಿಚ್ಚಿಕೊಂಡವು. ಹುಟ್ಟಿದಂದಿನಿಂದ ಅವನೊಳಗೆ ಏನನ್ನೋ ಒತ್ತಿ ಹಿಡಿದಿದ್ದ ಒಂದು ಕೈಯೂ ಅದರ ಜೊತೆಗೆ ಬಿಚ್ಚಿಕೊಂಡಿತು. ಹೊಂಬಣ್ಣದ ಹುಲ್ಲು ಎರಡೂ ಕಡೆ ಹರಿಯಿತು. ಸಿಪ್ಪೆ ಸುಲಿದ ಕೆಂಪು ಮರವೊಂದು, ಬಂಡೆಯ ಮೇಲೆ ಕತ್ತೆತ್ತಿದ ಹಲ್ಲಿಯೊಂದು, ಎಷ್ಟು ಸ್ಪಷ್ಟವಾಗಿ ಕಂಡವೆಂದರೆ ಅವನಿಗೆ ಬೇಕಾದಷ್ಟು ಸಮಯವಿದ್ದಂತಿತ್ತು. ಅಂಗಿ ಬೆನ್ನಿನಲ್ಲಿ ಉಬ್ಬಿತು. ಎಲ್ಲೂ ಯಾರೂ ಗಡಿಯಾರ ಹಿಡಿದಿರಲಿಲ್ಲ. ಆಗ ಹೊಟ್ಟೆಯ ಬುಡದಿಂದ ಒಂದು ಕೂಗು ಹೊರಟಿತು. ಅಷ್ಟು ದೊಡ್ಡ ಕೂಗು ತನ್ನೊಳಗಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಅದು ಭಯದ ಕೂಗಾಗಿರಲಿಲ್ಲ. ತಿರುವನ್ನು ಸೈಕಲ್ಲೇ ತೆಗೆದುಕೊಂಡಿತು. ಎದುರು ದಿಬ್ಬವನ್ನು ಅರ್ಧ ಹತ್ತಿ, ವೇಗ ಕಳೆದುಕೊಂಡು, ಹಿಂದೆ ಜಾರಿ, ಅವನನ್ನು ಒಣಹುಲ್ಲಿನ ಮೇಲೆ ಮೆಲ್ಲಗೆ ಇಳಿಸಿ ತಾನೂ ಪಕ್ಕದಲ್ಲಿ ಮಲಗಿತು.

ಭೋಜ ಧೂಳೆಬ್ಬಿಸಿಕೊಂಡು ಬಂದು, ಸೈಕಲ್ಲನ್ನು ಬಿಸಾಕಿ, ಅವನನ್ನು ಎಬ್ಬಿಸಿ ತಬ್ಬಿಕೊಂಡ. "ನೀನು ಬ್ರೇಕ್ ಮುಟ್ಲೇ ಇಲ್ಲ! ಒಂದು ಸಲ ಕೂಡ! ಹೋದ ವಾರ ನೀನು ಇಳಿಸಿದ್ದು ಹೌದೋ ಅಲ್ವೋ ಅಂತ ವಿಮಲಾ ನಂಗೆ ತಮಾಷೆ ಮಾಡ್ತಿದ್ಲು. ಇವತ್ತು ಹೋಗಿ ಹೇಳ್ತೇನೆ ಅವಳಿಗೆ." ಭೋಜನ ಕಣ್ಣಲ್ಲಿ ನೀರಿತ್ತು, ಧೂಳಿನದೋ ಏನೋ. ಭೋಜ ನೀರಿನ ಬಾಟಲಿ ತರಲು ತಿರುಗಿದಾಗ ಆನಂದತೀರ್ಥ ಬಗ್ಗಿ ರಿಮ್ಮು ಮುಟ್ಟಿದ. ಬೊಟ್ಟುಗಳು ಒಂದೂ ಉಳಿದಿರಲಿಲ್ಲ. ಎಲ್ಲ ಕಲೆಸಿ ಸುತ್ತಲೂ ಒಂದೇ ಕೆಂಪು ಪಟ್ಟಿಯಾಗಿ, ಬ್ರೇಕಿನ ರಬ್ಬರೆಲ್ಲ ಕೆಂಪಾಗಿ, ಬೆರಳಿಗೆ ಜಾರುತ್ತಿತ್ತು. ಮೂಸಿ ನೋಡಿದ. ಹರಳೆಣ್ಣೆ. ಶನಿವಾರ ಶನಿವಾರ ಅಮ್ಮ ನೆತ್ತಿಗೆ ತಟ್ಟುತ್ತಿದ್ದ, ಬಚ್ಚಲ ಹೊಗೆಯ ನಡುವೆ ಕಣ್ಣಿಗಿಳಿಯುತ್ತಿದ್ದ ಎಣ್ಣೆ. ಅವನಿಗೆ ಎಲ್ಲ ತಿಳಿಯಿತು. ಚಿಪ್ಪುಗಳ ಸಾವಿನ ಕಾರಣ ಹುಡುಕುವವನು ತನ್ನ ಸಾವಿನ ಕಾರಣವನ್ನು ಬೆಳಿಗ್ಗೆ ಕಣ್ಣಾರೆ ನೋಡಿಯೂ ಮಂಗಳಾರತಿ ತೆಗೆದುಕೊಂಡು ಬಂದಿದ್ದ. ಕರ್ಚೀಫಿನಿಂದ ಒರೆಸಿ, ಒಣಮಣ್ಣು ಹಾಕಿ ಉಜ್ಜಿ, ಮತ್ತೆ ಒರೆಸಿದ. "ಕಾಲಿಗೆ ಸ್ವಲ್ಪ ಸೆಳೆತ," ಎಂದು ಭೋಜನಿಗೆ ಹೇಳಿ ಕಾರಿನವರೆಗೂ ತಳ್ಳಿಕೊಂಡೇ ಹೋದ. ಯಾರಿಗೂ ಹೇಳಬೇಕಾದ್ದಿಲ್ಲ. ಇಳಿಸಿದ್ದಂತೂ ನಿಜ, ಸಾಕ್ಷಿಯೂ ಇದ್ದಾನೆ. ಮನೆಗೆ ಬಂದು ಕರ್ಚೀಫನ್ನು ಗ್ಯಾರೇಜಿನ ಶೆಲ್ಫಿನಲ್ಲಿ ಬಣ್ಣದ ಡಬ್ಬದ ಹಿಂದೆ ಬಚ್ಚಿಟ್ಟ.

ಸಂಜೆ ಬೊಂಬೆ ನೋಡಲು ನಾಲ್ಕು ಮನೆಯವರು ಒಂದೊಂದು ಅಡುಗೆ ಮಾಡಿಕೊಂಡು ಬಂದರು. ಆನಂದತೀರ್ಥ ಜುಬ್ಬಾ ಹಾಕಿಕೊಂಡು, ಹೊಗಳಿಕೆಗೆ ಎಷ್ಟು ಬೇಕೋ ಅಷ್ಟು ನಾಚಿಕೊಳ್ಳುತ್ತ, ಪೇಪರ್ ಪ್ಲೇಟು ಹಂಚುತ್ತಿದ್ದ. ಭೋಜ ಬಂದವನು ಒಳಗೆ ಕೂರಲೇ ಇಲ್ಲ. ತನ್ನ ಸೈಕಲ್ಲನ್ನು ಗಾಡಿಯಿಂದ ಇಳಿಸಿ ಗ್ಯಾರೇಜಿಗೆ ತಂದು ನಿಲ್ಲಿಸಿ, ಸತ್ಯವತಮ್ಮನವರನ್ನು ಕೈಹಿಡಿದು ಕರೆತಂದ. ಅವರ ಹಿಂದೆ ಎಲ್ಲರೂ ಬಂದರು.

"ಅಮ್ಮ, ಇವನ ಸೈಕಲ್ಲಿಗೆ ಎಂತ ಮಾಡಿದ್ದೀರೋ ಅದನ್ನೇ ನನ್ನದಕ್ಕೂ ಮಾಡಿ. ಒಂದು ಬೊಟ್ಟು ಕಡಿಮೆಯಾಗಬಾರದು. ನಾಳೆ ಬೆಳಿಗ್ಗೆ ಅದೇ ಗುಡ್ಡದ ಆಚೆ ಬದಿಗೆ ಹೋಗುವವ ನಾನು, ಅದು ಜಾರುಬಂಡೆಯ ಅಜ್ಜ."

ಸತ್ಯವತಮ್ಮನವರ ಮುಖ ಅಷ್ಟು ಅರಳಿದ್ದನ್ನು ಅವರು ಈ ದೇಶಕ್ಕೆ ಬಂದ ಮೇಲೆ ಯಾರೂ ನೋಡಿರಲಿಲ್ಲ. ಇಂದು ಓಡಿಹೋಗಿ ಅಜ್ಜಿಯ ಕುಂಕುಮದ ಬಟ್ಟಲು ತಂದಳು. ಅವರು ಮಂಡಿಯೂರಿ ಕೂತು ಬೆರಳನ್ನು ಅದ್ದಿದರು. ಆನಂದತೀರ್ಥನ ತಲೆ ಎಲ್ಲ ದಿಕ್ಕಿಗೂ ಓಡಿತು. ಆಮೇಲೆ ಗುಟ್ಟಾಗಿ ಒರೆಸಿಬಿಡಬಹುದು. ಇಲ್ಲ, ಭೋಜ ಈಗಲೇ ಗಾಡಿಗೆ ಕಟ್ಟಿಬಿಡುತ್ತಾನೆ. ನಾಳೆ ಬೆಳಿಗ್ಗೆ ಫೋನು ಮಾಡಿ ತಡೆಯಬಹುದು. ಅವನು ಕಾಗೆ ಏಳುವ ಮುಂಚೆ ಹೊರಡುವವನು. ಭೋಜ ಯಾರು, ಹೆದರದವನು. ಬ್ರೇಕು ಇಲ್ಲದಿದ್ದರೂ ಹೇಗೋ ಪಾರಾಗುತ್ತಾನೆ ಎಂದಿತು ತಲೆಯ ಒಂದು ಮೂಲೆ, ಆ ಮೂಲೆಯನ್ನು ಕಂಡು ಅವನಿಗೆ ಗಾಬರಿಯಾಯಿತು. ಆಚೆ ಬದಿಯಲ್ಲಿ ಎದುರು ದಿಬ್ಬವಿಲ್ಲ, ಬರೀ ಕಣಿವೆ. ಅವನು ಜನರ ನಡುವೆ ತೂರಿ ಭೋಜನ ಹತ್ತಿರ ಹೋಗಿ ಆದಷ್ಟು ಸಣ್ಣ ದನಿಯಲ್ಲಿ, "ಹೋಗೋ ಮುಂಚೆ ಒಂದ್ಸಲ ಒರೆಸ್ಕೊಂಡ್ಬಿಡು," ಎಂದ.

"ಒರೆಸುವುದಾ? ಅಮ್ಮ ಹಚ್ಚಿದ್ದನ್ನಾ?" ಭೋಜನಿಗೆ ಸಣ್ಣ ದನಿ ಎಂಬುದಿರಲಿಲ್ಲ. "ನೀನು ಒರೆಸಿದ್ಯಾ?"

ರಿಮ್ಮಿನ ಹತ್ತಿರ ಹೋಗಿದ್ದ ಬೆರಳು ನಿಂತಿತು. ಸತ್ಯವತಮ್ಮನವರು ತಲೆಯೆತ್ತಿ ಅಳಿಯನನ್ನು ನೋಡಿದರು. "ಒರೆಸಿದ್ರಾ?" ಎಂದರು. ಆ ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ಅವನಿಗೆ ತಾಳಲಾಗಲಿಲ್ಲ.

"ಒರೆಸ್ದೆ ಅತ್ತೆ. ಇಳಿದಾದ್ಮೇಲೆ. ಅಲ್ಲಿ ಎಣ್ಣೆ ಇದ್ರೆ ಬ್ರೇಕು ಹಿಡಿಯಲ್ಲ." ಹೊರಬಿದ್ದ ಮೇಲೆ ಉಳಿದದ್ದೂ ಹೊರಬಿತ್ತು. "ನಾನು ಬ್ರೇಕು ಮುಟ್ಲಿಲ್ಲ ಅಂತಾನೆ ಭೋಜ. ಕೈ ನೋಯೋ ಹಾಗೆ ಒತ್ತಿದೀನಿ. ನಡುವೇಲಿ ಇಳ್ಕೊಂಡು ಬಿಡೋಣ ಅಂತಿದ್ದೆ. ಅದು ನಿಲ್ಲಲಿಲ್ಲ, ಕರ್ಕೊಂಡು ಹೋಯ್ತು, ಹೋದೆ. ಹೋದ ವಾರ ಇಳಿಸೇ ಇಲ್ಲ. ನಡ್ಕೊಂಡು ಬಂದು ತಿರುವಿನಲ್ಲಿ ಹತ್ಕೊಂಡೆ."

"ಯು ವಾಕ್ಡ್?" ಎಂದಳು ಇಂದು. ಸತ್ಯವತಮ್ಮನವರು ಬೆರಳನ್ನು ರಿಮ್ಮಿನಿಂದ ಹಿಂದಕ್ಕೆಳೆದುಕೊಂಡರು. "ಅಯ್ಯೋ ದೇವರೇ, ನನ್ನ ಕೈಯಾರೆ," ಎಂದು ಅತ್ತುಬಿಟ್ಟರು. ಆನಂದತೀರ್ಥನಿಗೆ ನೆಲ ಬಿರಿಯಬಾರದೇ ಎನಿಸಿತು. ಸುಳ್ಳಿನಿಂದ ಯಾರಿಗೂ ಏನೂ ಆಗಿರಲಿಲ್ಲ. ನಿಜ ಹೇಳಿ ಒಬ್ಬ ಮುದುಕಿಯನ್ನು ಅಳಿಸಿದ್ದ.

"ನಂಗೆ ಗೊತ್ತಿತ್ತು ಬಿಡೀಪ್ಪಾ," ಎಂದಳು ಶೈಲಜಾ ಬಾಗಿಲಲ್ಲಿ ನಿಂತು. ಅವಳ ಕೈಯಲ್ಲಿ ಸೌಟಿತ್ತು. "ಹೋದ ವಾರ ಭೋಜ ಅವರ ಮುಖ, ಹಲ್ಲು, ಕಿವಿ ಎಲ್ಲ ಧೂಳು. ಇವರ ಮುಖ ಕನ್ನಡಿ ಹಾಗಿತ್ತು, ಬೂಟಿನ ಒಳಗೆ ಮಾತ್ರ ಒಂದು ಹಿಡಿ ಕಲ್ಲು. ಅಮ್ಮಾ, ಏಳು. ನೀನು ತಪ್ಪು ಆಯುಧಕ್ಕೆ ಪೂಜೆ ಮಾಡಿದೀಯ. ಇವರದು ಆ ಬೂಟು, ಅದಕ್ಕೆ ಹಚ್ಚು."

ಮೊದಲು ನಕ್ಕದ್ದು ವಿಮಲಾ. ಆಮೇಲೆ ಭೋಜ, ಮೈಯೆಲ್ಲ ಕುಲುಕಿಸಿಕೊಂಡು. ಸತ್ಯವತಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಅಳುವುದೋ ನಗುವುದೋ ತಿಳಿಯದೆ, ಎರಡನ್ನೂ ಮಾಡಿದರು. ಬೆರಳಿಗೆ ಅಂಟಿದ್ದನ್ನು ಭೋಜನ ಸೈಕಲ್ಲಿನ ಗಂಟೆಗೆ ಹಚ್ಚಿ, "ಇಲ್ಲಾದ್ರೆ ಪರವಾಗಿಲ್ವೇನಪ್ಪಾ?" ಎಂದು ಅಳಿಯನನ್ನು ಕೇಳಿದರು. ಆನಂದತೀರ್ಥ ತಲೆಯಾಡಿಸಿದ. ಅವನೂ ನಗುತ್ತಿದ್ದ. ವಾರದಿಂದ ಹೊಟ್ಟೆಯಲ್ಲಿ ಕೂತಿದ್ದದ್ದು ಎದ್ದು ಹೋಗಿತ್ತು. ಮರ್ಯಾದೆಯೂ ಅದರ ಜೊತೆಗೇ ಹೋಗಿತ್ತು, ಅದು ಅಷ್ಟೇನೂ ಭಾರವಾದ ಸಾಮಾನಾಗಿರಲಿಲ್ಲ ಎನಿಸಿತು.

"ಒಂದು ನಿಮಿಷ ಮಾರಾಯ," ಎಂದ ಭೋಜ ನಗು ನಿಲ್ಲಿಸಿ. "ಹಾಗಾದ್ರೆ ಆ ಬೊಬ್ಬೆ ಎಂತದು? ಕೆರೆಯಲ್ಲಿದ್ದ ಹಕ್ಕಿ ಎಲ್ಲ ಎದ್ದು ಹೋಯ್ತಲ್ಲ ನೀನು ಕೂಗಿದ್ದಕ್ಕೆ. ಅದೆಂತ ಕೂಗು?"

ಎಲ್ಲರೂ ಅವನ ಕಡೆ ತಿರುಗಿದರು. ಆ ಹುಲ್ಲು, ಹಲ್ಲಿ, ಬಿಚ್ಚಿಕೊಂಡ ಬೆರಳು ಒಂದೇ ಸಲಕ್ಕೆ ಕಣ್ಣೆದುರು ಬಂದವು. ಹೇಳಿದರೆ ಸೋಮವಾರವೇ ಭೋಜ ಅದನ್ನು ಕೆಫೆಟೇರಿಯಾಕ್ಕೆ ಕೊಂಡೊಯ್ಯುತ್ತಾನೆ, ವಿಮಲಾ ಫೋನು ಮಾಡುತ್ತಾಳೆ, ಗುರುವಾರದ ಹೊತ್ತಿಗೆ ಅದು ಯಾರದ್ದೋ ಆಗಿರುತ್ತದೆ.

"ಹೆದರಿಕೆಗೆ ಕಣಯ್ಯಾ," ಎಂದ ಆನಂದತೀರ್ಥ. "ಇನ್ಯಾತಕ್ಕೆ ಕೂಗ್ತಾರೆ?"

ಮತ್ತೆ ನಗು ಎದ್ದಿತು. ಶೈಲಜಾ ಮಾತ್ರ ನಗಲಿಲ್ಲ; ಸೌಟು ಹಿಡಿದುಕೊಂಡೇ ಒಂದು ಗಳಿಗೆ ಅವನ ಮುಖ ನೋಡಿ, "ಅನ್ನ ಆರತ್ತೆ, ಬನ್ನಿ," ಎಂದು ಒಳಗೆ ಹೋದಳು. ಈ ಸಲ ಅವನು ತಲೆಯಾಡಿಸಿರಲಿಲ್ಲ, ಬಾಯಿಬಿಟ್ಟು ಹೇಳಿದ್ದ. ಇದು ನಿಜವಾದ ಸುಳ್ಳು, ಇದನ್ನು ಯಾರೆದುರಿಗೂ ತಿದ್ದುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಎಲ್ಲರೂ ಒಳಗೆ ಹೋಗುವವರೆಗೂ ಕಾದು, ಬಣ್ಣದ ಡಬ್ಬದ ಹಿಂದಿನಿಂದ ಕೆಂಪು ಕರ್ಚೀಫನ್ನು ತೆಗೆದು ಒಮ್ಮೆ ಮೂಸಿ, ಮಡಿಸಿ, ಜುಬ್ಬಾದ ಜೇಬಿಗೆ ಹಾಕಿಕೊಂಡು, ಗ್ಯಾರೇಜಿನ ದೀಪ ಆರಿಸಿ ಊಟಕ್ಕೆ ಹೋದ.